ಒತ್ತಿದ್ದಕ್ಕೆಲ್ಲ ಹಸಿರು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಆಯಾ. ತಾವಾಗಿ ಹೊರಳಲಾಗದ ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಕೆಲಸ. ಮೂವತ್ತು ಹಾಸಿಗೆಗೆ ನಾಲ್ಕು ಹೆಂಗಸರು. ಸೊಂಟ ಬಿದ್ದುಹೋಗುತ್ತಿತ್ತು, ಆದರೂ ಯಾರ ಬೆನ್ನೂ ಹುಣ್ಣಾಗುತ್ತಿರಲಿಲ್ಲ.

ಆಮೇಲೆ ಆಸ್ಪತ್ರೆಯವರು ಕೈಗೊಂದು ಫೋನು ಕೊಟ್ಟರು. ಹೊರಳಿಸಿದ ಮೇಲೆ ಹಾಸಿಗೆಗೆ ಅಂಟಿಸಿದ ಕಪ್ಪು ಗೆರೆಗಳ ಚೀಟಿಗೆ ಅದನ್ನು ಹಿಡಿದು ಒತ್ತಬೇಕು. ಒತ್ತಿದರೆ ಹಸಿರು. ಹೊತ್ತು ಮೀರಿದರೆ ಕೆಂಪು, ಕೆಂಪಾದರೆ ಬೈಗುಳ. ಉಚ್ಚೆ ಒರೆಸಿದ ಕೈ ತೊಳೆದು ಫೋನು ಹಿಡಿಯುವಷ್ಟರಲ್ಲಿ ಮುಂದಿನ ಹಾಸಿಗೆ ಕೆಂಪಾಗಿರುತ್ತಿತ್ತು. ಇದಕ್ಕೆ ಉಪಾಯ ಹುಡುಕಿದವಳು ದೊಡ್ಡಕ್ಕನೇ. ಮೂವತ್ತೂ ಚೀಟಿಗಳ ನಕಲು ಮಾಡಿಸಿ ಬಟ್ಟೆ ಕೋಣೆಯ ಬಾಗಿಲ ಹಿಂದೆ ಅಂಟಿಸಿದಳು.

"ಮೊದ್ಲು ಎಲ್ಲಾನೂ ಒತ್ತಿಬಿಡ್ರೇ, ಆಮೇಲೆ ಹೊರಳ್ಸಿದ್ರಾಯ್ತು. ಈ ಡಬ್ಬಕ್ಕೇನು ಕಣ್ಣಿದ್ಯಾ?"

ಹೆಂಗಸರು ಬಿದ್ದು ಬಿದ್ದು ನಕ್ಕರು.

ಕಣ್ಣಿರಲಿಲ್ಲ, ಲೆಕ್ಕವಿತ್ತು. ನಾಲ್ವರ ಕೆಲಸ ಐದೇ ನಿಮಿಷದಲ್ಲಿ ಮುಗಿಯುತ್ತಿದೆ ಎಂದು ಅದು ತೋರಿಸಿತು. ಇಬ್ಬರನ್ನು ತೆಗೆದರು. ಉಳಿದಿಬ್ಬರು, ದೊಡ್ಡಕ್ಕ ಮತ್ತು ಇನ್ನೊಬ್ಬಳು, ಒತ್ತುವುದನ್ನು ಬಿಡಲಿಲ್ಲ, ಹೊರಳಿಸುವುದು ಮಾತ್ರ ಅರ್ಧಕ್ಕರ್ಧ ನಿಂತಿತು. ಉಪಾಯ ಬಾಯಿಂದ ಬಾಯಿಗೆ ಹೋಗಿ ಮೇಲಿನ ಮಹಡಿಯನ್ನೂ ಹತ್ತಿತು.

ಆ ಮಹಡಿಯಲ್ಲೇ ಅವಳ ಗಂಡನನ್ನು ಮಲಗಿಸಿದರು. ಲಾರಿ ಓಡಿಸುತ್ತಿದ್ದವನು, ಲಕ್ವ ಹೊಡೆದಿತ್ತು. ಪಾಳಿ ಮುಗಿಸಿ ಓಡಿಹೋಗಿ ನಾಲ್ಕು ತುತ್ತು ತಿನ್ನಿಸಿ ಬರುತ್ತಿದ್ದಳು. ಹನ್ನೆರಡನೆಯ ದಿನ ವಾಸನೆ ಬಡಿದು ಹೊದಿಕೆ ಸರಿಸಿದಳು. ಸೊಂಟದ ಕೆಳಗೆ ಮುಷ್ಟಿ ಇಳಿಯುವಷ್ಟು ಹುಣ್ಣು.

ಸಿಸ್ಟರು ಫೋನು ತೆರೆದು ತೋರಿಸಿದಳು. ಎಲ್ಲಾ ಹಸಿರು. ಅಲ್ಲಿನ ಆಯಾ ತಲೆ ತಗ್ಗಿಸಿ ಹೇಳಿದಳು.

"ನೀವೇ ಅಲ್ವಾ ದೊಡ್ಡಕ್ಕ, ಹೇಳ್ಕೊಟ್ಟಿದ್ದು."

ರಜೆ ಹಾಕಿ ಗಂಡನ ಪಕ್ಕ ಕೂತಳು. ಎರಡು ಗಂಟೆಗೊಮ್ಮೆ ತಾನೇ ಹೊರಳಿಸಿದಳು. ಆದರೆ ನಂಜು ಆಗಲೇ ರಕ್ತಕ್ಕೆ ಸೇರಿತ್ತು. ಏಳನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಉಸಿರು ನಿಂತಿತು.

ಹೆಣ ಬಿಡಿಸಿಕೊಳ್ಳಲು ಹೋದಾಗ ಒಂದು ಕಾಗದಕ್ಕೆ ಸಹಿ ಕೇಳಿದರು. ಅವನನ್ನು ಹೊರಳಿಸಿದ ಹೊತ್ತುಗಳು ಅದರಲ್ಲಿ ಅಚ್ಚಾಗಿದ್ದವು. ಕೊನೆಯದು ಮಧ್ಯಾಹ್ನ ಹನ್ನೆರಡು. ಸತ್ತು ಒಂದು ಗಂಟೆಯಾದ ಮೇಲೆ.

ದೊಡ್ಡಕ್ಕ ಅದರ ಮೇಲೆ ಬೆರಳಿಟ್ಟಳು. ಸಿಸ್ಟರು ಕಾಗದವನ್ನು ತನ್ನತ್ತ ಎಳೆದುಕೊಂಡಳು. ತಪ್ಪಾಗಿದೆ ಅಕ್ಕ, ತೆಗೆಸಿಬಿಡುತ್ತೇನೆ ಎಂದಳು.

"ತೆಗೀಬೇಡಮ್ಮ. ಯಾರು ಕಲಿಸಿದ್ದು ಅಂತ ಕೇಳಿದ್ರೆ ನನ್ ಹೆಸ್ರು ಹೇಳು."

ಯಾರೂ ಕೇಳಲಿಲ್ಲ. ಹದಿನೈದು ದಿನ ಕಾದು, ಆ ಕಾಗದದ ಪ್ರತಿ ಹಿಡಿದು ತಾನೇ ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಒಂದನ್ನೂ ಬಿಡದೆ ಹೇಳಿದಳು. ಇಷ್ಟು ಹಾಸಿಗೆಗೆ ಇಬ್ಬರು ಸಾಲುವುದಿಲ್ಲ ಎಂದೂ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು ಅವಳನ್ನು ಕೆಲಸದಿಂದ ತೆಗೆದರು.

ಅವಳ ಜಾಗಕ್ಕೆ ಯಾರನ್ನೂ ತರಲಿಲ್ಲ. ಕೆಳಗಿನ ಮಹಡಿಯ ಮೂವತ್ತು ಹಾಸಿಗೆಗೆ ಈಗ ಒಬ್ಬಳೇ.