ರಾಗಿ ಕಣದಲ್ಲಿ ತಿರುಗಿದ ಬಸ್ಸು

ಇದು ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ನಮ್ಮ ಬಡಾವಣೆಗೆ ಬಸ್ಸು ಬರುತ್ತದೋ ಇಲ್ಲವೋ ಎನ್ನುವುದು ಆ ದಿನ ಬೆಳಗ್ಗೆ ತೀರ್ಮಾನವಾಗಬೇಕಿತ್ತು.

ನಾವಿರುವುದು ಹೊಸಕೋಟೆಯ ಹೊರಗೆ, ಹಳೆಯ ಊರೊಂದಕ್ಕೆ ಅಂಟಿಕೊಂಡು ಬೆಳೆದ ಬಡಾವಣೆಯಲ್ಲಿ. ನಾವು ಮನೆ ಕಟ್ಟಿಕೊಂಡು ಬಂದಾಗ ಬೀದಿಗೆ ಎರಡೋ ಮೂರೋ ಮನೆಗಳಿದ್ದವು. ಆರು ವರ್ಷದಲ್ಲಿ ಹುಡುಕಿದರೂ ಸೈಟು ಸಿಗದಂತಾಯಿತು. ಬಸ್ಸು ಹಿಡಿಯಬೇಕಾದರೆ ಮಾತ್ರ ಮುಖ್ಯರಸ್ತೆಯವರೆಗೆ ಅರ್ಧ ಗಂಟೆ ನಡೆಯಬೇಕು, ಇಲ್ಲವೇ ಶೇರ್ ಆಟೋಗೆ ಕಾಯಬೇಕು. ನಿವಾಸಿಗಳ ಸಂಘದವರು ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ಕೊನೆಗೆ ಡಿಪೊದವರು, ಬಸ್ಸು ಯಾವ ರಸ್ತೆಯಲ್ಲಿ ಬರಬೇಕು, ಎಲ್ಲೆಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ಒಂದು ನಕ್ಷೆ ಮಾಡಿಕೊಡಿ ಎಂದರು.

ನಾನು ಪಟ್ಟಣದ ಒಂದು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ ಮಾಡುತ್ತೇನೆ. ಹಾಗಾಗಿ ಆ ಜವಾಬ್ದಾರಿ ನನ್ನ ಪಾಲಿಗೆ ಬಂತು. ಬಡಾವಣೆಯ ಪ್ಲಾನು ಆಫೀಸಿನಲ್ಲೇ ಇತ್ತು. ಉಳಿದದ್ದನ್ನು ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ನೋಡಿಕೊಂಡು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಐದು ನಿಲ್ದಾಣ ಗುರುತಿಸಿದೆ. ಕೊನೆಯದು ಹಳೆಯ ಊರಿನ ಅಂಚಿಗೆ. ಅಲ್ಲಿ ಮರವಿಲ್ಲದ, ಮನೆಯಿಲ್ಲದ ಕಂದು ಬಣ್ಣದ ಒಂದು ಚೌಕ ಕಾಣಿಸಿತು. ಅದರ ಮೇಲೆ ‘ಖಾಲಿ ಜಾಗ, ಬಸ್ ತಿರುಗಲು’ ಎಂದು ಬರೆದೆ. ಅದು ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಹೋಗಿ ನೋಡಬೇಕು ಅನ್ನಿಸಲಿಲ್ಲ.

ಪರೀಕ್ಷೆಗೆಂದು ಡಿಪೊದಿಂದ ಒಂದು ಖಾಲಿ ಬಸ್ಸು ಬಂತು. ಅದರಲ್ಲಿ ಅಧಿಕಾರಿ ಒಬ್ಬರು, ಚಾಲಕ ಅನ್ವರ್ ಇದ್ದರು. ಸಂಘದ ಅಧ್ಯಕ್ಷ ರಾಮಾಂಜಿಯವರೂ ಸೇರಿ ನಾವು ಆರು ಜನ ಹತ್ತಿಕೊಂಡೆವು. ಅಧಿಕಾರಿ ಮೊದಲೇ ಹೇಳಿಬಿಟ್ಟರು.

"ನೋಡಿ, ಕೊನೇ ಸ್ಟಾಪಲ್ಲಿ ಬಸ್ಸು ಸಲೀಸಾಗಿ ತಿರುಗಬೇಕು. ದಿನಾ ರಿವರ್ಸ್ ಹೊಡ್ಕೊಂಡು ಹೋಗೋ ಹಾಗಿದ್ರೆ ನಾನು ಒಪ್ಪಿಗೆ ಬರ್ದು ಕೊಡಲ್ಲ. ಯಾರಾದ್ರೂ ಮಗೂಗೆ ಏನಾದ್ರೂ ಆದ್ರೆ ಯಾರು ಹೊಣೆ?"

ನಾಲ್ಕು ನಿಲ್ದಾಣಗಳು ಸಲೀಸಾಗಿ ಮುಗಿದವು. ರಾಮಾಂಜಿಯವರು ಬಡಾವಣೆಯ ಆರ್ಚಿನ ಮುಂದೆ ಇಳಿದು ಒಂದು ಫೋಟೋ ಕೂಡ ತೆಗೆಸಿಕೊಂಡರು. ಹಳೆಯ ಊರು ಸಿಕ್ಕ ಮೇಲೆ ರಸ್ತೆ ಕಿರಿದಾಯಿತು. ಒಂದು ಕಡೆ ಮನೆಗಳ ಜಗಲಿ, ಇನ್ನೊಂದು ಕಡೆ ಮೋರಿ. ಅನ್ವರ್ ಎರಡೂ ಕನ್ನಡಿ ನೋಡಿಕೊಂಡು ನಿಧಾನವಾಗಿ ದಾಟಿಸಿ, ನನ್ನ ಐದನೇ ನಿಲ್ದಾಣಕ್ಕೆ ತಂದು ನಿಲ್ಲಿಸಿದರು.

ಅದು ರಾಗಿ ಕಣವಾಗಿತ್ತು. ಸಗಣಿಯಿಂದ ಸಾರಿಸಿದ ನೆಲದ ತುಂಬ ಒಕ್ಕಿದ ರಾಗಿ ಹರವಿದ್ದರು. ನಡುವೆ ಇಬ್ಬರು ಹೆಂಗಸರು ಕೇರುತ್ತಿದ್ದರು. ಅವರಲ್ಲಿ ಹಿರಿಯರು ಮೊರ ಕೆಳಗಿಟ್ಟು ಬಸ್ಸನ್ನೇ ನೋಡುತ್ತ ನಿಂತರು. ಅವರ ಹೆಸರು ಮುನಿತಾಯಮ್ಮ ಎಂದು ಆಮೇಲೆ ತಿಳಿಯಿತು.

ಅಧಿಕಾರಿ ನಕ್ಷೆ ಬಿಡಿಸಿ ನನ್ನ ಕಡೆ ತಿರುಗಿದರು. "ಇದೇನಾ ಮೇಡಂ ಖಾಲಿ ಜಾಗ?"

ರಾಮಾಂಜಿಯವರು ಕಿಟಕಿಯಿಂದಲೇ, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ತೆಗೀರಿ, ಬಸ್ಸು ತಿರುಗಬೇಕು" ಎಂದು ಕೂಗಿದರು.

"ಇಲ್ಲಿ ಬಸ್ಸು ತಿರುಗ್ತದೆ ಅಂತ ಯಾರಪ್ಪಾ ಹೇಳಿದ್ದು ನಿಂಗೆ?" ಎಂದರು ಮುನಿತಾಯಮ್ಮ.

ರಾಮಾಂಜಿಯವರು ನನ್ನ ಕಡೆ ಕೈ ತೋರಿಸಿದರು. ಇಳಿಯದೆ ದಾರಿಯಿರಲಿಲ್ಲ. ನಕ್ಷೆ ಹಿಡಿದುಕೊಂಡು ಕಣದ ಅಂಚಿಗೆ ಹೋಗಿ ನಿಂತೆ.

"ನಮ್ಮ ಕಣ ಇದ್ರಲ್ಲಿ ಎಲ್ಲೈತಮ್ಮ?" ಎಂದರು ಮುನಿತಾಯಮ್ಮ. ಬೆರಳಿಟ್ಟು ತೋರಿಸಿದೆ.

"ಏನಂತ ಬರ್ದಿದ್ದೀಯ ಅಲ್ಲಿ?"

ಅವರಿಗೆ ಓದಲು ಬರುವುದಿಲ್ಲ ಎಂದು ಗೊತ್ತಾಯಿತು. ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅಧಿಕಾರಿಯೂ ಇಳಿದು ಬಂದು ಪಕ್ಕದಲ್ಲೇ ನಿಂತಿದ್ದರು. ಓದಿ ಹೇಳಿದೆ. "ಖಾಲಿ ಜಾಗ."

"ಬಂದು ನೋಡಿದ್ಯಾ?"

"ಇಲ್ಲಮ್ಮ."

"ಮನೆ ಎಲ್ಲಿ ನಿಂದು?"

"ಇಲ್ಲೇ, ನೀರಿನ ಟ್ಯಾಂಕ್ ಹತ್ರ."

"ಅಲ್ಲಿಂದ ಕೂಗಿದ್ರೆ ನಂಗೆ ಕೇಳಿಸ್ತದೆ" ಎಂದರು. ಅಷ್ಟೇ. ಬೈಯಲಿಲ್ಲ.

ಅಷ್ಟರಲ್ಲಿ ಬಸ್ಸಿನ ಹಿಂದೆ ಒಂದು ನೀರಿನ ಟ್ಯಾಂಕರು, ಅದರ ಹಿಂದೆ ಎರಡು ಟ್ರ್ಯಾಕ್ಟರು ಸಾಲಾಗಿ ನಿಂತು ಹಾರ್ನ್ ಹೊಡೆಯತೊಡಗಿದವು. ಅಧಿಕಾರಿ ಫೈಲು ಮುಚ್ಚಿದರು. "ಅನ್ವರ್, ಹೇಗಾದ್ರೂ ಮಾಡಿ ರಿವರ್ಸ್ ತಗೊಳ್ಳಿ. ಈ ರೂಟು ಆಗಲ್ಲ ಬಿಡಿ."

"ಆಗಲ್ಲ ಅಂದ್ರೆ, ಬಸ್ಸು ಬರಾಕಿಲ್ವಾ?" ಎಂದು ಮುನಿತಾಯಮ್ಮ ಕೇಳಿದರು.

"ತಿರುಗೋಕೆ ಜಾಗ ಬೇಕಲ್ಲಮ್ಮ."

ಅವರು ಸ್ವಲ್ಪ ಹೊತ್ತು ರಾಗಿಯನ್ನು ನೋಡಿದರು. ಆಮೇಲೆ ಅನ್ವರ್ ಅವರನ್ನು ಕರೆದು, "ಎಷ್ಟು ಬೇಕಪ್ಪಾ ನಿಂಗೆ? ಸರಿಯಾಗಿ ಹೇಳು" ಎಂದರು. ಅನ್ವರ್ ಕೆಳಗಿಳಿದು, ಅಂಚಿನಲ್ಲೇ ಹೆಜ್ಜೆ ಹಾಕಿ ಅಳೆದು, "ಅಮ್ಮಾ, ಆ ಬದೀಲಿರೋ ಬೇವಿನ ಮರದ ತನಕ ಸಿಕ್ಕಿದ್ರೆ ಒಂದೇ ಸಲಕ್ಕೆ ತಿರುಗಿಸ್ಕೊಂತೀನಿ" ಎಂದರು. ಅಂದರೆ ಮುಕ್ಕಾಲು ಕಣ.

"ಎಲ್ರೂ ಚಪ್ಪಲಿ ಬಿಟ್ಟು ಬನ್ನಿ" ಎಂದರು ಮುನಿತಾಯಮ್ಮ.

ಮುಕ್ಕಾಲು ಗಂಟೆ ನಾವೆಲ್ಲ ಬರಿಗಾಲಲ್ಲಿ ರಾಗಿ ಬಾಚಿದೆವು. ಅಧಿಕಾರಿ ಬೂಟು ಕಳಚಿಟ್ಟು ರಾಗಿ ತುಂಬಿದ ಮಂಕರಿ ಹೊತ್ತರು. ಟ್ಯಾಂಕರಿನವರೂ ಟ್ರ್ಯಾಕ್ಟರಿನವರೂ ಹಾರ್ನ್ ಬಿಟ್ಟು ಬಂದು ಟಾರ್ಪಾಲು ಹಿಡಿದರು. ಅವಸರದಲ್ಲಿ ಪೊರಕೆಗೆ ಮಣ್ಣೂ ಸೇರಿ ಬರುತ್ತಿತ್ತು. ಮುನಿತಾಯಮ್ಮ ಅದನ್ನು ನೋಡಿಯೂ ಬಾಚುತ್ತಲೇ ಇದ್ದರು. ನಾನು ಅವರ ಜೊತೆ ಬಾಚುತ್ತಿದ್ದಾಗ, ನಿಮ್ಮ ಮನೆಯವರು ಯಾರಾದರೂ ಕೆಲಸಕ್ಕೆ ಹೋಗುತ್ತಾರಾ ಎಂದು ಕೇಳಿದೆ.

"ನಮ್ಮೋರು ಯಾರೂ ಇಲ್ಲ. ಪಿಲ್ಲಗುಂಪೆ ಫ್ಯಾಕ್ಟ್ರಿಗೆ ಹೋಗೋ ಹೆಣ್ಮಕ್ಳು ಅವ್ರೆ ನೋಡು, ಕತ್ತಲಲ್ಲೇ ಮೊಬೈಲ್ ಬೆಳಕು ಇಟ್ಕೊಂಡು ಹಿಂಗೇ ನಡ್ಕೊಂಡು ಹೋಯ್ತಾರೆ. ನಾನು ಹಾಲು ಕರೆಯೋ ಹೊತ್ಗೆ ದಿನಾ ನೋಡ್ತೀನಿ. ಒಬ್ಬಳು ಬಸುರಿ ಬೇರೆ."

ಬಸ್ಸು ಕಣಕ್ಕೆ ಇಳಿದು ಒಂದೇ ಸಲಕ್ಕೆ ತಿರುಗಿತು. ದಾರಿ ಸಿಕ್ಕ ಟ್ಯಾಂಕರು, ಟ್ರ್ಯಾಕ್ಟರುಗಳು ಮುಂದೆ ಹೋದವು. ಬಸ್ಸು ಹಾದ ಕಡೆಯೆಲ್ಲ ಸಾರಿಸಿದ ನೆಲ ಬಿರಿದು ಎದ್ದಿತ್ತು. ಅಧಿಕಾರಿ ಏನೋ ಹೇಳಲು ಹೊರಟರು. ಮುನಿತಾಯಮ್ಮ ತಡೆದರು. "ಇವತ್ತು ಆಯ್ತು. ದಿನಾ ಇಲ್ಲಿ ಆಗಾಕಿಲ್ಲ. ನಡೀರಿ, ಜಾಗ ತೋರಿಸ್ತೀನಿ." ಹಾಗೆಂದು ಸೆರಗು ಕೊಡವಿಕೊಂಡು ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಕೂತರು.

ಬಂದ ದಾರಿಯಲ್ಲೇ ಸ್ವಲ್ಪ ಹಿಂದೆ ಹೋಗಿ, ಎಡಕ್ಕೆ ತಿರುಗಿದರೆ ಊರಿನ ಗುಂಡುತೋಪು. ನಕ್ಷೆಯಲ್ಲಿ ನಾನು ಅದನ್ನು ಪೂರ್ತಿ ಮರಗಳೆಂದು ತೋರಿಸಿದ್ದೆ. ಹತ್ತಿರ ಹೋದರೆ ಹಳೆಯ ಹುಣಸೆ ಮರಗಳು ಸುತ್ತ ಮಾತ್ರ ಇದ್ದವು, ನಡುವೆ ಗಟ್ಟಿ ನೆಲ. ಮೇಲಿನಿಂದ ನೋಡಿದರೆ ಕೊಂಬೆಗಳು ಅದನ್ನು ಮುಚ್ಚಿಬಿಡುತ್ತಿದ್ದವು. ಅನ್ವರ್ ಅಲ್ಲಿ ಎರಡು ಸುತ್ತು ಹಾಕಿ, "ಸಾರ್, ಇಲ್ಲಿ ಎರಡು ಬಸ್ಸು ನಿಲ್ಲಿಸ್ಬಹುದು" ಎಂದರು. ಅಧಿಕಾರಿ ಅಲ್ಲೇ ಫೈಲು ತೆಗೆದು ಬರೆದುಕೊಂಡರು. ಮುನಿತಾಯಮ್ಮ ಇಳಿದು, "ಕೋಳಿಗಳು ರಾಗಿಗೆ ಬಿದ್ದಿರ್ತವೆ" ಎಂದು ನಡೆದೇ ಹೋದರು.

ಮಾರನೇ ದಿನದಿಂದ ಮೂರು ದಿನ, ಬೆಳಕು ಹರಿಯುವ ಮೊದಲೇ ಎದ್ದು ಆ ದಾರಿಯನ್ನೆಲ್ಲ ನಡೆದೆ. ಫ್ಯಾಕ್ಟರಿಯ ಹೆಂಗಸರು ಹಳೆಯ ಊರಿನ ಹಿಟ್ಟಿನ ಗಿರಣಿಯ ಮುಂದೆ ಒಬ್ಬರಿಗೊಬ್ಬರು ಕಾದು ಹೊರಡುತ್ತಿದ್ದರು. ಆರ್ಚಿನ ಮುಂದೆ ಆ ಹೊತ್ತಿನಲ್ಲಿ ಯಾರೂ ಇರುತ್ತಿರಲಿಲ್ಲ. ಒಂದು ನಿಲ್ದಾಣವನ್ನು ಅಲ್ಲಿಂದ ಗಿರಣಿಗೆ ಬದಲಾಯಿಸಿ ಬೇರೆ ನಕ್ಷೆ ಕೊಟ್ಟೆ. ರಾಮಾಂಜಿಯವರಿಗೆ ಸಿಟ್ಟು ಬಂತು. "ಅರ್ಜಿ ಕೊಟ್ಟೋರು ನಾವು, ಸ್ಟಾಪು ಅವ್ರಿಗಾ?" ಎಂದರು. ಸುಮಾರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಬೇಸಿಗೆಯಲ್ಲಿ ಬಸ್ಸು ಶುರುವಾಯಿತು. ಬೆಳಗಿನ ಮೊದಲ ಬಸ್ಸಿನಲ್ಲಿ ಗಿರಣಿ ದಾಟಿದ ಮೇಲೆ ಕೂರಲು ಜಾಗ ಸಿಗುವುದಿಲ್ಲ. ಈಗ ಯಾವ ನಕ್ಷೆಯಾದರೂ, ಜಾಗಕ್ಕೆ ಹೋಗಿ ನೋಡದೆ ನಾನು ಬರೆಯುವುದಿಲ್ಲ.

ಆದರೆ ನನಗೆ ಹೆಚ್ಚು ನೆನಪಾಗುವುದು ಬಸ್ಸು ತಿರುಗಿದ ಬೆಳಗಲ್ಲ, ಆ ವಾರದ ಭಾನುವಾರ. ಕ್ಷಮೆ ಕೇಳಬೇಕೆಂದು ಕಣಕ್ಕೆ ಹೋಗಿದ್ದೆ. ಮುನಿತಾಯಮ್ಮ ಒಬ್ಬರೇ ಕೂತು ರಾಗಿಗೆ ಜರಡಿ ಹಿಡಿಯುತ್ತಿದ್ದರು. "ತಪ್ಪಾಯ್ತಮ್ಮ" ಎಂದೆ.

"ಮಣ್ಣು ಸೇರ್ಕೊಂಡೈತೆ" ಎಂದರು. "ಕೆಲ್ಸ ಇಲ್ದಿದ್ರೆ ಕೂತ್ಕೋ."

ಇನ್ನೊಂದು ಜರಡಿ ಕೊಟ್ಟರು. ಹಿಡಿಯುವುದು ಹೇಗೆಂದು ಎರಡು ಸಲ ತೋರಿಸಿದರು. ಒಂದು ಮೂಟೆ ಮುಗಿಯುವ ಹೊತ್ತಿಗೆ ನನ್ನ ತೋಳು ಎತ್ತಲಾಗದಷ್ಟು ನೋಯುತ್ತಿತ್ತು, ಹೊತ್ತೂ ಇಳಿದಿತ್ತು. ಎದ್ದು ಸೀರೆ ಕೊಡವಿಕೊಂಡು ನೋಡಿದೆ. ಕಣದ ಬದಿಯ ಗೋಡೆಯ ಪಕ್ಕ ಜರಡಿ ಹಿಡಿಯಬೇಕಾದ ಇನ್ನೂ ಹನ್ನೊಂದು ಮೂಟೆಗಳಿದ್ದವು.