ಅಣ್ಣನ ಗಿಟಾರಿಗೊಂದು ಎಲ್ ಪಿನ್

ಸಕ್ಕರೆ ಕಾಯಿಲೆಗೆ ಎಡಗಾಲು ಹೋದ ಮೇಲೆ ಅಣ್ಣ ಗಾಲಿಕುರ್ಚಿಯಲ್ಲೇ ಕೂತು ಬೇಸ್ ಗಿಟಾರ್ ನುಡಿಸುವುದನ್ನು ರೂಢಿ ಮಾಡಿಕೊಂಡ. ಮೊದಲು ಅವನು ಬಂಗಾರಪೇಟೆಯ ಒಂದು ಆರ್ಕೆಸ್ಟ್ರಾದಲ್ಲಿದ್ದ. ಕನ್ನಡದವರದಾಗಲಿ, ತಮಿಳರದಾಗಲಿ, ತೆಲುಗರದಾಗಲಿ, ಮದುವೆ ಅಂದರೆ ಅವನಿಗೆ ಕರೆ ಬರುತ್ತಿತ್ತು. ಕಾಲು ಹೋದದ್ದಕ್ಕಿಂತ ಆ ಕರೆ ನಿಂತದ್ದೇ ಅವನನ್ನು ಹೆಚ್ಚು ಕುಗ್ಗಿಸಿತ್ತು.

ಸ್ಪೀಕರಿಗೆ ಹೋಗುವ ಕೇಬಲ್ಲಿನ ಪಿನ್ ಗಿಟಾರಿನಿಂದ ನೇರವಾಗಿ ಹೊರಗೆ ಚಾಚಿಕೊಂಡು ಕುರ್ಚಿಯ ಕೈಗೆ ತಾಗುತ್ತಿತ್ತು. ಸ್ವಲ್ಪ ಹೊರಳಿದರೂ ಬಾಗುತ್ತಿತ್ತು. ಅಂಗಡಿಯಿಂದ ಎಲ್ ಪಿನ್, ಅಂದರೆ ಇಂಗ್ಲಿಷಿನ ಎಲ್ ಅಕ್ಷರದಂತೆ ಪಕ್ಕಕ್ಕೆ ತಿರುಗಿದ್ದನ್ನು, ತಂದೆ. ಅದರ ಕತ್ತು ಗಿಡ್ಡ; ಅಣ್ಣನ ಹಳೇ ಗಿಟಾರಿನ ಸಾಕೆಟ್ಟು ಒಳಕ್ಕೆ ಹುದುಗಿತ್ತು. ಪೂರ್ತಿ ಕೂರಲಿಲ್ಲ.

"ಲೇತ್ ಮೇಲೆ ದಿನಾ ಏನೇನೋ ಮಾಡ್ತೀಯ. ಇದೊಂದು ಮಾಡ್ಕೊಡಕ್ಕಾಗಲ್ವೇನ್ಲಾ?" ಅಂದ.

ನಾನು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಟರ್ನರ್. ಅಲ್ಲಿನ ನಂದಿದುರ್ಗ ಗಣಿಯ ನಮ್ಮ ಲೈನ್ ಮನೆಯ ಹಿಂದೆ ಕೂತು ಹಿತ್ತಾಳೆಯ ತುಂಡಿಗೆ ಮೇಲಿಂದೊಂದು, ಪಕ್ಕದಿಂದೊಂದು ತೂತು ಕೊರೆದು ಎರಡೂ ಒಳಗೆ ಸೇರುವಂತೆ ಮಾಡಿದೆ. ಒಂದಕ್ಕೆ ಉದ್ದ ಕತ್ತಿನ ಪಿನ್, ಇನ್ನೊಂದಕ್ಕೆ ವೈರು. ಮೊದಲು ಮಾಡಿದ ಪಿನ್ನಿನಲ್ಲಿ ಬೆಸುಗೆ ಹರಡಿ ಒಳಗಿನ ತಂತಿ ಹಿತ್ತಾಳೆಗೆ ತಾಗಿತು, ಸದ್ದೇ ಬರಲಿಲ್ಲ. ಎರಡನೆಯದು ಸರಿಯಾಗಿ ಕೂತಿತು. ಕೇಬಲ್ ಗಿಟಾರಿಗೆ ಒತ್ತಿಕೊಂಡೇ ಕೆಳಗಿಳಿಯಿತು. ಅಣ್ಣ ತಂತಿ ಮೀಟಿದ, ಕಿಟಕಿ ಅದುರಿತು. ಆಗಲೇ ಆರ್ಕೆಸ್ಟ್ರಾದವರಿಗೆ ಫೋನ್ ಮಾಡಿದ.

ಭಾನುವಾರ ಆರ್ಕೆಸ್ಟ್ರಾ ನಡೆಸುವಾತ ಮನೆಗೆ ಬಂದ. ಅಣ್ಣ ಗಡ್ಡ ತೆಗೆದು, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಕಾಯುತ್ತಿದ್ದ. ಒಂದು ಇಡೀ ಹಾಡಿಗೆ ನುಡಿಸಿದ. ಎಲ್ಲೂ ತಪ್ಪಲಿಲ್ಲ. ಬಂದಾತ ಬಗ್ಗಿ ಪಿನ್ನನ್ನೇ ನೋಡುತ್ತಿದ್ದ.

"ಇದು ಬಲೇ ಚೆನ್ನಾಗೈತೆ," ಎಂದು ನನ್ನ ಕಡೆ ತಿರುಗಿದ. "ನಮ್ ಕೀಬೋರ್ಡ್ ಇಂದ್ಗಡೆ ಪಿನ್ನೆಲ್ಲ ಗೋಡೆಗ್ ತಾಗಿ ಮುರ್ದೋಗ್ತಾವೆ. ಒಂದಷ್ಟು ಮಾಡ್ಕೊಡಿ."

"ಪ್ರೋಗ್ರಾಂ ಯಾವಾಗ?" ಅಣ್ಣ ಕೇಳಿದ.

"ಬೇಸೆಲ್ಲ ಈಗ ಕೀಬೋರ್ಡಲ್ಲೇ ಬಾರಿಸ್ಬಿಡ್ತೀವಿ ಅಣ್ಣಾ. ನಿಮ್ಮನ್ನ ಸ್ಟೇಜ್ ಮೇಲೆ ಅತ್ತಿಸಿ ಇಳ್ಸೋದೂ ಕಷ್ಟ. ಬೇಜಾರ್ ಮಾಡ್ಕೋಬೇಡಿ."

ಆತ ಹೋದ ಮೇಲೆ "ನಾನ್ ಮಾಡ್ಕೊಡಲ್ಲ" ಅಂದೆ.

"ಮಾಡ್ಲಾ. ಅವ್ರ ಮೇಲೇನು ಜಗಳಕ್ ಓಗೋದು?"

ಒಂದೊಂದು ಪಿನ್ ಮುಗಿದಾಗಲೂ ಅಣ್ಣ ತನ್ನ ಗಿಟಾರಿಗೆ ಹಾಕಿ, ಮೀಟಿ, "ಸರಿಯೈತೆ" ಎಂದು ಪಕ್ಕಕ್ಕಿಡುತ್ತಿದ್ದ.

ಅವರ ಮುಂದಿನ ಮದುವೆಗೆ ಬಂಗಾರಪೇಟೆಯ ಛತ್ರಕ್ಕೆ ನಾನೇ ಹೋಗಿ ಪಿನ್‌ಗಳನ್ನು ಹಾಕಿಕೊಟ್ಟು, ಎರಡು ಹಾಡು ಕೇಳಿ ಬಂದೆ.

"ಎಂಗಿತ್ತು?" ಅಣ್ಣ ಕೇಳಿದ.

"ಗರಗರ ಸದ್ದೇ ಇರ್ಲಿಲ್ಲ."

"ಬೇಸು?"

ಕೀಬೋರ್ಡಿನಲ್ಲೂ ಚೆನ್ನಾಗಿಯೇ ಬಂದಿತ್ತು. ಅದನ್ನು ಬಿಟ್ಟು, "ಕೇಳಿಸ್ತಿತ್ತು" ಅಂದೆ.

ಅಣ್ಣ ತಂತಿಗಳನ್ನೆಲ್ಲ ಸಡಿಲ ಮಾಡಿ, ಗಿಟಾರನ್ನು ಕವರಿಗೆ ಹಾಕಿ, ಬೀರುವಿನ ಮೇಲಿಡು ಎಂದು ನನ್ನ ಕೈಗೆ ಕೊಟ್ಟ.

ಈಗ ಬೇರೆ ಆರ್ಕೆಸ್ಟ್ರಾದವರೂ ಪಿನ್ ಕೇಳಿಕೊಂಡು ಬರುತ್ತಾರೆ. ಗಿಟಾರಿನ ಬದಲು ಕರೆಂಟ್ ನೋಡುವ ಮೀಟರ್ ಇಟ್ಟು ಪರೀಕ್ಷಿಸಿ ಕೊಡುತ್ತೇನೆ. ಅವರ ಮಾತು ಬಾಗಿಲಲ್ಲಿ ಕೇಳಿಸಿದರೆ ಸಾಕು, ಅಣ್ಣ ಕುರ್ಚಿ ತಳ್ಳಿಕೊಂಡು ಒಳಗೆ ಹೋಗಿಬಿಡುತ್ತಾನೆ.