‘ತಪ್ಪಿಲ್ಲ ಮೇಡಂ’ ಹಿಡಿದ ತಪ್ಪು

ನಮ್ಮ ಇಂಗ್ಲಿಷ್ ಮೇಡಂಗೆಂದು ಸಿದ್ಧಪಡಿಸಿದ ಈ ಅಭಿನಂದನ ಗ್ರಂಥದ ಕೊನೆಯ ಕರಡು ಅಚ್ಚಿನಮನೆಯಿಂದ ಬಂದ ದಿನವೇ ಮೇಡಂ ತೀರಿಕೊಂಡ ಸುದ್ದಿಯೂ ಬಂತು. ಸಂಪಾದಕ ಸಮಿತಿಯವರು ತರಬೇತಿ ಸಂಸ್ಥೆಯ ಮಹಡಿಯ ಕೊಠಡಿಯಲ್ಲಿ ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆವು. ತಮ್ಮ ಬಗ್ಗೆ ಬರೆದದ್ದನ್ನು ತಾವು ಓದುವುದಿಲ್ಲ, ಆದರೆ ಕಾಗುಣಿತ ನೋಡದೆ ಅಚ್ಚಿಗೆ ಬಿಡುವುದೂ ಇಲ್ಲ ಎಂದು ಮೇಡಂ ಪಟ್ಟು ಹಿಡಿದಿದ್ದರು. ಓದದೆ ಕಾಗುಣಿತ ನೋಡುವುದು ಹೇಗೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಒಂದು ಪ್ರತಿಯನ್ನು ಅವರ ಮನೆಗೆ ಯಾರು ಒಯ್ಯಬೇಕೆಂಬ ಮಾತು ನಡೆದಿದ್ದಾಗ ಅವರ ಮಗಳ ಫೋನು ಬಂತು. “ಅಮ್ಮ ಬೆಳಿಗ್ಗೆ ಏಳಲೇ ಇಲ್ಲ” ಎಂದಷ್ಟೇ ಆಕೆ ಹೇಳಿದಳು. ಸನ್ಮಾನಕ್ಕೆ ಇನ್ನೂ ಒಂದು ತಿಂಗಳಿತ್ತು.

ಗ್ರಂಥದ ಹೆಸರನ್ನು ಸಂಸ್ಮರಣ ಗ್ರಂಥವೆಂದು ಬದಲಿಸಬೇಕೇ ಎಂದು ಕೇಳಲು ಸಮಿತಿಯ ಇಬ್ಬರು ಅವರ ಪತಿಯ ಬಳಿಗೆ ಹೋದರು. ಅವರು ಅಚ್ಚಿನಮನೆಯಲ್ಲಿ ಯಂತ್ರ ನಡೆಸಿ ನಿವೃತ್ತರಾದವರು, ಮಾತು ಕಡಿಮೆ. “ಅವಳು ಇದ್ದಾಗ ಅವಳಿಗೆ ಅಂತ ಬರೆದದ್ದು. ಹಾಗೇ ಇರಲಿ” ಎಂದರು. ಆದ್ದರಿಂದ ಮಿಕ್ಕ ಲೇಖನಗಳೆಲ್ಲ ಬರೆದಂತೆಯೇ ಉಳಿದಿವೆ. ಇದೊಂದನ್ನು ಮಾತ್ರ, ಮೇಡಂಗಿಂತ ವಯಸ್ಸಿನಲ್ಲಿ ಹಿರಿಯನಾದ, ಅದೇ ಸಂಸ್ಥೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಈ ಮೇಷ್ಟ್ರು ಮತ್ತೆ ಕುಳಿತು ಬರೆಯಬೇಕಾಯಿತು.

ಇಂಗ್ಲಿಷ್ ವಾಕ್ಯದಲ್ಲಿರುವ ವ್ಯಾಕರಣ ದೋಷವನ್ನು ಗುರುತಿಸುವ ವಿದ್ಯೆಯನ್ನು ನೌಕರಿಯ ಪರೀಕ್ಷೆಗೆ ಕೂರುವವರಿಗೆ ಕಲಿಸುವ ಕೆಲಸವನ್ನು ಲೋಕವು ಪಾಂಡಿತ್ಯದ ಸಾಲಿಗೆ ಸೇರಿಸುವುದಿಲ್ಲ. ಅದರ ಬಗ್ಗೆ ವಿಚಾರಸಂಕಿರಣಗಳು ನಡೆಯುವುದಿಲ್ಲ, ಅದಕ್ಕೆ ಪ್ರಶಸ್ತಿಗಳಿಲ್ಲ. ಆದರೂ ನಮ್ಮ ಊರಿನ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ರೈಲು ನಿಲ್ದಾಣದ ಕಿಟಕಿಗಳ ಹಿಂದೆ ಇಂದು ಕುಳಿತಿರುವ ಎಷ್ಟೋ ಜನ ಈ ವಿದ್ಯೆಯ ಹೊಸಿಲನ್ನು ದಾಟಿಯೇ ಒಳಗೆ ಬಂದವರು, ಮತ್ತು ಅವರಲ್ಲಿ ಬಹುಮಂದಿಯನ್ನು ಕೈಹಿಡಿದು ದಾಟಿಸಿದವರು ನಮ್ಮ ಮೇಡಂ. ಈ ವಿಷಯದಲ್ಲಿ ಅವರ ಸಮಕ್ಕೆ ನಿಲ್ಲುವ ಇನ್ನೊಬ್ಬರನ್ನು ಈ ಲೇಖಕ ಕಂಡಿಲ್ಲ.

ಪರೀಕ್ಷೆಯಲ್ಲಿ ಒಂದು ವಾಕ್ಯವನ್ನು ತುಂಡು ಮಾಡಿ ಕೊಡುತ್ತಾರೆ. ಯಾವ ತುಂಡಿನಲ್ಲಿ ತಪ್ಪಿದೆ ಎಂದು ಹೇಳಬೇಕು. ಕೊನೆಯಲ್ಲಿ ‘ತಪ್ಪಿಲ್ಲ’ ಎಂಬ ಉತ್ತರವೂ ಒಂದಿರುತ್ತದೆ. ಮಿಕ್ಕ ಕಡೆ ಕಲಿಸುವವರು ತಪ್ಪಿನ ವಾಕ್ಯಗಳನ್ನೇ ಕೊಟ್ಟು ತಪ್ಪನ್ನೇ ಹುಡುಕಿಸುತ್ತಿದ್ದರು. ಮೇಡಂ ಸೇವೆಗೆ ಸೇರಿದ ಮೊದಲ ವರ್ಷದಲ್ಲೇ ಒಂದು ದಿನ ಹಾಳೆ ತುಂಬ ಸರಿಯಾದ ವಾಕ್ಯಗಳನ್ನೇ ಬರೆದು ತರಗತಿಗೆ ಹಂಚಿದರು. ಮಕ್ಕಳು ಒಂದು ವಾಕ್ಯವನ್ನೂ ಉಳಿಸಲಿಲ್ಲ. ಎಲ್ಲದಕ್ಕೂ ಗೆರೆ ಹೊಡೆದು ಗೆದ್ದವರಂತೆ ತಂದುಕೊಟ್ಟರು. ಅಕ್ಕಿಯಲ್ಲಿ ಕಲ್ಲು ಆರಿಸಲು ಕುಳಿತವನು ಅಕ್ಕಿಯನ್ನೂ ಎಸೆದರೆ ಮನೆಮಂದಿಗೆಲ್ಲ ಉಪವಾಸವೇ ಎಂದು ಮೇಡಂ ಅಂದು ಹೇಳಿದ್ದು ಬೋಧಕರ ಕೊಠಡಿಯವರೆಗೂ ಬಂತು. ಅಂದಿನಿಂದ ಅವರಿಗೆ ‘ತಪ್ಪಿಲ್ಲ ಮೇಡಂ’ ಎಂಬ ಹೆಸರು ಅಂಟಿಕೊಂಡಿತು.

ಮೊದಲು ಬಾಯಿ, ಆಮೇಲೆ ಪೆನ್ಸಿಲ್ಲು ಎಂಬುದು ಅವರ ಕ್ರಮ. ವಾಕ್ಯವನ್ನು ಎಲ್ಲರಿಗೂ ಕೇಳುವಂತೆ ಓದಿಸದೆ ಉತ್ತರ ಬರೆಯಗೊಡುತ್ತಿರಲಿಲ್ಲ. ತೊದಲುವ ವಿದ್ಯಾರ್ಥಿಯೊಬ್ಬನ ಸರದಿ ಬಂದಾಗ ತಾವೂ ಅವನೊಂದಿಗೆ ಮೆಲ್ಲಗೆ ಓದುತ್ತ, ಅವನು ಎಲ್ಲಿ ನಿಂತರೆ ಅಲ್ಲಿ ನಿಂತು, ಅವನು ಹೊರಟಾಗ ಹೊರಡುತ್ತಿದ್ದರು. ಹೊಲಿಗೆ ಕೆಲಸದ ಹೆಂಗಸೊಬ್ಬಳು ಹಸುಗೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಮಗುವನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡೇ ಮೇಡಂ ಪಾಠ ಮುಗಿಸುತ್ತಿದ್ದುದನ್ನು ಪಕ್ಕದ ಕೋಣೆಯಿಂದ ನಾವು ನೋಡಿದ್ದೇವೆ. ಮಗು ಅತ್ತರೆ, ಇಲ್ಲಿ ಏನೋ ತಪ್ಪಿದೆಯಂತೆ ನೋಡಿ ಎಂದು ನಗಿಸುತ್ತಿದ್ದರು.

ಅವರ ಸೇವೆಯ ನಡುಗಾಲದಲ್ಲಿ ನಡೆದ ಒಂದು ವಿಷಯವನ್ನು ಬರೆಯದಿದ್ದರೆ ಈ ಲೇಖನ ವ್ಯರ್ಥ.

ಆ ವರ್ಷ ದೊಡ್ಡ ಪರೀಕ್ಷೆ ಭಾನುವಾರವಿತ್ತು. ತರಗತಿಗಳು ಮುಗಿದು ಮಕ್ಕಳು ಓದಿಕೊಳ್ಳಲು ತಮ್ಮತಮ್ಮ ಮನೆಗಳಿಗೆ ಹೋಗಿದ್ದರು. ಆ ವಾರದ ಆರಂಭದಲ್ಲಿ, ಹಿಂದಿನ ಪರೀಕ್ಷೆಯ ಅಧಿಕೃತ ಉತ್ತರಗಳನ್ನು ನೋಡಲು ಗ್ರಂಥಾಲಯಕ್ಕೆ ಹೋದ ಮೇಡಂ ಒಂದು ವಾಕ್ಯದ ಮುಂದೆ ನಿಂತುಬಿಟ್ಟರು. ‘ಒಬ್ಬರೂ ಇಲ್ಲ’ ಎಂಬರ್ಥದ ‘ನನ್’ (none) ಎಂಬ ಇಂಗ್ಲಿಷ್ ಪದಕ್ಕೆ ಏಕವಚನದ ಕ್ರಿಯಾಪದವೇ ಬರಬೇಕು, ಬಹುವಚನ ಕಂಡರೆ ಯೋಚಿಸದೆ ತಪ್ಪೆಂದು ಗುರುತು ಹಾಕಿ ಎಂದು ಅವರು ಮಕ್ಕಳಿಗೆ ಕಲಿಸಿದ್ದರು. ಅಧಿಕೃತ ಉತ್ತರದಲ್ಲಿ ಅಂಥದೇ ವಾಕ್ಯಕ್ಕೆ ‘ತಪ್ಪಿಲ್ಲ’ ಎಂದಿತ್ತು. ಅವರು ಕಪಾಟಿನಲ್ಲಿದ್ದ ದಪ್ಪ ವ್ಯಾಕರಣಗಳನ್ನೆಲ್ಲ ಇಳಿಸಿ ಮಧ್ಯಾಹ್ನವಿಡೀ ಕಿಟಕಿಯ ಬಳಿ ಕುಳಿತು ನೋಡಿದರು. ಬಹುವಚನವೂ ಸರಿ ಎಂದು ಎಲ್ಲ ಪುಸ್ತಕಗಳೂ ಒಂದೇ ಮಾತು ಹೇಳಿದವು. ಸರಿಯಾದದ್ದರಲ್ಲಿ ತಪ್ಪು ಕಾಣಬೇಡಿ ಎಂದು ಊರಿಗೆಲ್ಲ ಹೇಳಿದವರು ತಾವೇ ಅದರಲ್ಲಿ ಸಿಕ್ಕಿಬಿದ್ದಿದ್ದರು.

ಸಂಸ್ಥೆಯ ಮಾಲೀಕರು ಸುಮ್ಮನಿರಲು ಹೇಳಿದರು. “ಒಂದು ವಾಕ್ಯ ಮೇಡಂ. ಬರುತ್ತೋ ಇಲ್ವೋ ಅದೂ ಗೊತ್ತಿಲ್ಲ. ಪರೀಕ್ಷೆ ಹತ್ರ ಬಂದಾಗ ಹೋಗಿ ನನ್ನ ಪಾಠ ತಪ್ಪು ಅಂದ್ರೆ, ಮಿಕ್ಕದ್ದನ್ನೂ ಮಕ್ಕಳು ನಂಬಲ್ಲ.” ಈ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಅನುಮಾನಕ್ಕಿಂತ ದೊಡ್ಡ ಶತ್ರುವಿಲ್ಲವೆಂದು ಮೇಡಂ ಅವರೇ ಎಷ್ಟೋ ಸಲ ಹೇಳಿದ್ದರು.

ಅವರಿಗೆ ಹೆಚ್ಚು ಚಿಂತೆಯಾದದ್ದು ಒಬ್ಬನದು. ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸ ಮಾಡುತ್ತಿದ್ದ ಆತ ಹಿಂದಿನ ಪರೀಕ್ಷೆಗಳಲ್ಲಿ ಸೋತದ್ದು ಅನುಮಾನದಿಂದಲೇ. ಸರಿಯಾದ ಉತ್ತರ ಬರೆದು, ಅಳಿಸಿ, ತಪ್ಪು ಬರೆಯುವುದು ಅವನ ರೋಗ. ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಮೇಡಂ ಆ ರೋಗ ಬಿಡಿಸಿದ್ದರು. ವಯಸ್ಸಿನ ಮಿತಿಯಿಂದಾಗಿ ಅವನಿಗೆ ಇದೇ ಕೊನೆಯ ಅವಕಾಶವಾಗಿತ್ತು. ಈಗ ಹೋಗಿ ಹೇಳಿದರೆ ಕಟ್ಟಿದ್ದೆಲ್ಲ ಕುಸಿಯಬಹುದು. ಹೇಳದೆ ಇದ್ದರೆ, ಆ ವಾಕ್ಯ ಬಂದರೆ, ಅವನು ಕಣ್ಣು ಮುಚ್ಚಿ ತಪ್ಪು ಬರೆಯುತ್ತಾನೆ.

ಮನೆಗೆ ಬಂದು ಗಂಡನಿಗೆ ಹೇಳಿದರು. ಅವರು ಬೆರಳಿನ ಮಸಿ ಒರೆಸಿಕೊಳ್ಳುತ್ತ, “ಇಷ್ಟು ವರ್ಷ ನನ್ನ ತಪ್ಪು ಹಿಡಿದದ್ದು ಸಾಲದು ಅಂತ ಈಗ ನಿನ್ನದೇ ಹಿಡ್ಕೊಂಡ್ಯಾ?” ಎಂದು ನಕ್ಕರಂತೆ. ಮೇಡಂ ನಗದೆ ಇದ್ದುದನ್ನು ನೋಡಿ, “ಪುಸ್ತಕದಲ್ಲಿ ತಪ್ಪು ಬಿದ್ರೆ ನಾವು ಕೊನೇಲಿ ತಿದ್ದುಪಡಿಯ ಒಪ್ಪೋಲೆ ಅಂಟಿಸ್ತೀವಿ. ತಲೆಯೊಳಗೆ ಬಿದ್ರೆ ಎಲ್ಲಿ ಅಂಟಿಸ್ತೀಯ?” ಎಂದು ಕೇಳಿದರು.

“ಮನೆಮನೆಗೆ ಹೋಗಿ ಅಂಟಿಸ್ಬೇಕು ಕಣ್ರೀ” ಎಂದರು ಮೇಡಂ.

ಹಾಗೆಯೇ ಹೊರಟರು. ಎಲ್ಲರ ಕೈಯಲ್ಲೂ ಫೋನಿದ್ದ ಕಾಲವಲ್ಲ ಅದು. ಹಗಲು ಈ ಲೇಖಕ ಜೊತೆಗೆ ಹೋದ. ಸಂಜೆ ಕೆಲಸ ಮುಗಿಸಿ ಬಂದ ಗಂಡ ಸ್ಕೂಟರಿನಲ್ಲಿ ಕರೆದೊಯ್ದರು. ಒಬ್ಬನ ಮನೆ ಸಿಕ್ಕರೆ ಅವನು ಇನ್ನೊಬ್ಬನ ಮನೆ ಹೇಳುತ್ತಿದ್ದ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ, ಕ್ಷೌರದ ಅಂಗಡಿಯ ಹಿಂದಿನ ಗೂಡು, ಹೆಣ್ಣುಮಕ್ಕಳ ಹಾಸ್ಟೆಲಿನ ಕಬ್ಬಿಣದ ಬಾಗಿಲು, ಎಲ್ಲ ಕಡೆಯೂ ಮೇಡಂ ನಿಂತು, ‘ನಾನು ಹೇಳಿಕೊಟ್ಟದ್ದು ತಪ್ಪು, ಸರಿ ಹೀಗೆ’ ಎಂದು ವಿವರಿಸಿ, ವಾಕ್ಯವನ್ನು ಬಾಯಿಬಿಟ್ಟು ಓದಿಸಿಯೇ ಮುಂದೆ ಹೋಗುತ್ತಿದ್ದರು. ಒಬ್ಬ ತಾಯಿ, ಮೇಡಂ ಬಾಗಿಲಿಗೆ ಬಂದಿದ್ದಾರೆಂದರೆ ಮಗ ಏನೋ ಎಡವಟ್ಟು ಮಾಡಿರಬೇಕೆಂದು, ವಿಷಯ ಕೇಳುವ ಮೊದಲೇ ಅವನ ತಲೆಗೆ ಮೊಟಕಿದಳು. “ತಪ್ಪು ನಂದಮ್ಮ, ಪೆಟ್ಟು ಅವನಿಗ್ಯಾಕೆ?” ಎಂದು ಮೇಡಂ ನಡುವೆ ಬರಬೇಕಾಯಿತು.

ಆಸ್ಪತ್ರೆಯವನು ಮಾತ್ರ ಸಿಗಲಿಲ್ಲ. ಓದಿಗೆ ಶಾಂತವಾದ ಜಾಗ ಬೇಕೆಂದು ಹಳೆಯ ಕೋಣೆ ಬಿಟ್ಟಿದ್ದ, ಹೊಸದು ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆಂದು ರಜೆ ಹಾಕಿರುತ್ತಾನೆಂದೇ ನಂಬಿದ್ದರೂ ಶನಿವಾರ ಮಧ್ಯಾಹ್ನ ಮೇಡಂ ಆಸ್ಪತ್ರೆಗೇ ಹೋದರು. ಒಗೆದ ಬಟ್ಟೆಗಳ ಕೋಣೆಯ ಮುಂದಿನ ಉದ್ದ ಓಣಿಯಲ್ಲಿ ಹಾಸಿಗೆಯ ಹೊದಿಕೆಗಳ ಗಾಡಿ ತಳ್ಳಿಕೊಂಡು ಆತ ಬರುತ್ತಿದ್ದ. ಮೇಡಂ ಹೇಳಿದ್ದನ್ನು ನಿಂತೇ ಕೇಳಿದ. ವಾಕ್ಯವನ್ನು ಓದಿದ. ಆಮೇಲೆ ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತುಬಿಟ್ಟ.

“ನೀವೇ ತಪ್ಪು ಅಂದ್ರೆ ನಾಳೆ ನಾನು ಯಾವುದನ್ನ ನಂಬಲಿ ಮೇಡಂ? ನನಗಿದು ಕೊನೇ ಸಲ.”

ಮೇಡಂ ಅವನ ಪಕ್ಕದಲ್ಲಿ ಕುಳಿತರು. “ಮಿಕ್ಕದ್ದನ್ನೆಲ್ಲ ನಂಬಪ್ಪ” ಎಂದರು. “ಅದರಲ್ಲಿ ತಪ್ಪು ಕಂಡಿದ್ರೆ ಅದಕ್ಕೂ ನಾನು ಹೀಗೇ ಹುಡುಕ್ಕೊಂಡು ಬರ್ತಿದ್ದೆ. ಬಂದಿಲ್ಲ ಅಂದ್ರೆ ಅದು ಸರಿ ಇದೆ ಅಂತ ತಿಳ್ಕೊ.”

ಒಳಗಿನಿಂದ ನರ್ಸು ಕೂಗಿದಳು. ಎದ್ದು ಗಾಡಿ ತಳ್ಳಿಕೊಂಡು ಹೊರಟವನು ತಿರುವಿನಲ್ಲಿ ನಿಂತು, ಬಸ್ಸಿಗೆ ಹಿಂದಿನ ಗೇಟೇ ಹತ್ತಿರ ಎಂದು ಹೇಳಿ ಹೋದ. ತಾವು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಮೇಡಂಗೆ ತಿಳಿಯಲಿಲ್ಲ. ಭಾನುವಾರ ಪರೀಕ್ಷೆ ಮುಗಿಯುವವರೆಗೂ ಬೋಧಕರ ಕೊಠಡಿಯಲ್ಲಿ ಕೈಕಟ್ಟಿ ಕುಳಿತಿದ್ದರು. ಚಹಾ ಆರಿಹೋಯಿತು, ಮುಟ್ಟಲಿಲ್ಲ.

ಆ ಬಗೆಯ ವಾಕ್ಯ ಆ ವರ್ಷದ ಪರೀಕ್ಷೆಯಲ್ಲಿ ಬರಲೇ ಇಲ್ಲ.

ಆತ ಉತ್ತೀರ್ಣನಾದ. ನೇಮಕದ ಸುದ್ದಿ ಹೇಳಲು ಬಂದವನು ನಮ್ಮೆಲ್ಲರ ಮುಂದೆ ಹೇಳಿದ್ದಿಷ್ಟು. ಕೆಲವು ವಾಕ್ಯಗಳ ಮುಂದೆ ಅವನಿಗೆ ಹಳೆಯ ಹಾಗೆ ಅಳಿಸಬೇಕೆನ್ನಿಸಿತು. “ಆಗೆಲ್ಲ, ಇದಕ್ಕೆ ಮೇಡಂ ಬಂದಿಲ್ವಲ್ಲ ಅಂದ್ಕೊಂಡೆ. ಬರೆದದ್ದನ್ನ ಮುಟ್ಟಲಿಲ್ಲ.” ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು.

ಮುಂದಿನ ವರ್ಷ ಸಂಸ್ಥೆಗೆ ಸೇರುವವರು ಕಡಿಮೆಯಾಗಲಿಲ್ಲ. ಪ್ರವೇಶ ಕೇಳಿ ಬಂದವರಿಗೆಲ್ಲ ಮಾಲೀಕರು ಈ ಕಥೆಯನ್ನು, ಮೇಡಂ ಅವರನ್ನು ಮನೆಮನೆಗೆ ಕಳುಹಿಸಿದವರು ತಾವೇ ಎಂಬ ಧಾಟಿಯಲ್ಲಿ ಹೇಳುತ್ತಿದ್ದರು. ಮೇಡಂ ಅದನ್ನು ಮಾತ್ರ ತಿದ್ದಲಿಲ್ಲ. ಆದರೆ ಅಂದಿನಿಂದ ನಿವೃತ್ತಿಯವರೆಗೆ, ಪ್ರತಿ ತಂಡದ ಮೊದಲ ಪಾಠವಾಗಿ ತಮ್ಮ ಆ ತಪ್ಪನ್ನೇ ಕಲಿಸಿದರು. ಅವರ ಕೈಕೆಳಗೆ ಕಲಿತು ಇಂದು ಅದೇ ಪಾಠ ಹೇಳುತ್ತಿರುವ ಕಿರಿಯರು ಈಗಲೂ ಅಲ್ಲಿಂದಲೇ ಆರಂಭಿಸುತ್ತಾರೆ. ಇಂಥವರೊಡನೆ ಒಂದೇ ಸೂರಿನ ಕೆಳಗೆ ದುಡಿದೆವೆಂಬುದೇ ನಮ್ಮ ಹೆಮ್ಮೆ.

ಇಂಥ ಲೇಖನದ ಕೊನೆಯಲ್ಲಿ ದೀರ್ಘಾಯುಷ್ಯ ಕೋರುವುದು ಪದ್ಧತಿ. ಆ ಕೋರಿಕೆಯನ್ನು ಅವರ ಪತಿಗೂ ಮಗಳಿಗೂ, ಅವರ ಪಾಠವನ್ನು ಮುಂದುವರಿಸುತ್ತಿರುವ ಕಿರಿಯರಿಗೂ ಸಲ್ಲಿಸುತ್ತೇವೆ. ಮೇಡಂಗಾಗಿ ಈ ಮುದುಕ ದೇವರಲ್ಲಿ ಬೇಡುವುದು ಇಷ್ಟು: ತಂದೆಯೇ, ತನ್ನ ತಪ್ಪನ್ನು ಒಪ್ಪಿಕೊಳ್ಳಲು ಊರಿನ ಬಾಗಿಲುಬಾಗಿಲಿಗೂ ಅಲೆದು ದಣಿದ ಈ ಕಾಲುಗಳು ಈಗ ನಿನ್ನ ಬಾಗಿಲಿಗೆ ಬಂದಿವೆ. ಬಾಗಿಲಲ್ಲಿ ನಿಲ್ಲಿಸಬೇಡ. ಒಳಗೆ ಕರೆದು ಕೂರಿಸು, ಆ ಜೀವಕ್ಕೆ ಶಾಂತಿ ಕೊಡು.